ಆಷಾಢದ ಮೈ, ಕಾರ್ತಿಕದ ತಲೆ

“ಗುರುಗಳೇ, ಬೇಸಿಗೆಯಲ್ಲಿ ಸಲೀಸಾಗಿ ಬರುತ್ತಿದ್ದ ಆಸನಗಳು ಈ ಚಳಿಯಲ್ಲಿ ಬರುತ್ತಿಲ್ಲ. ಮುಂದಕ್ಕೆ ಬಾಗಿದರೆ ಬೆರಳು ಮೊಣಕಾಲಿನಿಂದ ಆಚೆಗೆ ಹೋಗುವುದಿಲ್ಲ. ಬೆಳಿಗ್ಗೆ ಎದ್ದರೆ ಮೈ ಮರಗಟ್ಟಿರುತ್ತದೆ. ನನ್ನ ಸಾಧನೆ ಹಿಂದಕ್ಕೆ ಹೋಗುತ್ತಿದೆಯೇ?”

ಕೇಳಿದವನು ಚೆನ್ನವೀರ. ಆಶ್ರಮಕ್ಕೆ ಬಂದು ಇನ್ನೂ ವರ್ಷ ತುಂಬದ ಶಿಷ್ಯ. ಎಲ್ಲರಿಗಿಂತ ಮೊದಲು ಏಳುವವನು, ಎಲ್ಲರಿಗಿಂತ ಹೆಚ್ಚು ಹೊತ್ತು ಅಭ್ಯಾಸ ಮಾಡುವವನು. ಹೀಗೇ ಆದರೆ ಆಶ್ರಮ ಬಿಟ್ಟು ಹೋಗುವುದೇ ಸರಿ ಎಂದು ಒಳಗೊಳಗೇ ನಿಶ್ಚಯಿಸಿಕೊಂಡೇ ಬಂದಿದ್ದ.

ಗುರುಗಳು ತಾವು ಹೊದ್ದಿದ್ದ ಕಂಬಳಿಯನ್ನು ಅವನ ಹೆಗಲಿಗೆ ಹಾಕಿ, “ಮೊದಲು ಬೆಚ್ಚಗೆ ಕೂತುಕೋ,” ಎಂದರು. ಆಮೇಲೆ ಈ ಕತೆ ಹೇಳಿದರು.

ಹಿಂದೆ ಕಡಲತೀರದ ಒಂದು ಪಟ್ಟಣದಲ್ಲಿ ಪಾಯಣ್ಣ ಸೆಟ್ಟಿ ಎಂಬ ವ್ಯಾಪಾರಿಯಿದ್ದ. ಘಟ್ಟದ ಮೇಲಿಂದ ಕಾಳುಮೆಣಸು ತರಿಸಿ ತನ್ನ ಹಡಗಿನಲ್ಲಿ ದೂರದ ಬಂದರುಗಳಿಗೆ ಕಳಿಸುತ್ತಿದ್ದ. ಒಳ್ಳೆಯವನು. ಕೊಡುವುದರಲ್ಲಿ ಕೈ ಧಾರಾಳ. ಆದರೆ ಮಳೆಗಾಲ ಬಂತೆಂದರೆ ಅವನು ಮನುಷ್ಯನಾಗಿ ಉಳಿಯುತ್ತಿರಲಿಲ್ಲ.

ಆ ಪಟ್ಟಣದಲ್ಲಿ ಮಳೆ ಹಿಡಿದ ಮೇಲೆ ಯಾರೂ ಕಡಲಿಗೆ ಇಳಿಯುವುದಿಲ್ಲ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ತೆರೆಗಳು ಗೋಡೆಯ ಹಾಗೆ ಏಳುತ್ತವೆ. ಹಡಗುಗಳನ್ನು ದಡಕ್ಕೆಳೆದು ಹೆಣೆದ ತೆಂಗಿನ ಗರಿ ಹೊದಿಸುತ್ತಾರೆ. ನಾವಿಕರು ಬಲೆ ಹೆಣೆಯುತ್ತಾರೆ, ಹಗ್ಗ ಹೊಸೆಯುತ್ತಾರೆ, ಮಕ್ಕಳ ಜೊತೆ ಆಡುತ್ತಾರೆ, ಮಧ್ಯಾಹ್ನ ನಿದ್ದೆ ಮಾಡುತ್ತಾರೆ. ಶ್ರಾವಣದ ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಹಡಗು ಇಳಿಸುವುದು.

ಸೆಟ್ಟಿಗೆ ಮಾತ್ರ ಇದು ಸೆರೆವಾಸವಾಗಿತ್ತು. ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡುವನು. ಉಂಡದ್ದು ಅರಗುತ್ತಿರಲಿಲ್ಲ. ಕತ್ತು ಹಗ್ಗದಂತೆ ಬಿಗಿದಿರುತ್ತಿತ್ತು. ನಿದ್ದೆಯಂತೂ ಹತ್ತಿರ ಸುಳಿಯುತ್ತಿರಲಿಲ್ಲ. ವರ್ಷದಿಂದ ವರ್ಷಕ್ಕೆ ಇದು ಹೆಚ್ಚುತ್ತಲೇ ಹೋಯಿತು. ಹೆಂಡತಿ ಪದುಮಕ್ಕ ಒಂದು ದಿನ ಬಡಿಸುತ್ತ ಅಂದಳು:

“ನಿಮಗೆ ಸಿಟ್ಟು ಬಂದಿರೋದು ಆಕಾಶದ ಮೇಲೆ. ಗದರೋದು ನನ್ನ ತೊವ್ವೆಯನ್ನ.”

ಆ ವರ್ಷ ಮಳೆಗೆ ಮೊದಲು ಇಬ್ಬರು ಪರಸ್ಥಳದವರು ಪಟ್ಟಣದಲ್ಲಿ ಉಳಿದುಕೊಂಡರು. ಒಬ್ಬ ಜೋಗಿ. ವರ್ಷವೆಲ್ಲ ತಿರುಗುವ ಅವನು ಮಳೆಗಾಲದ ಚಾತುರ್ಮಾಸ್ಯದಲ್ಲಿ ಒಂದೇ ಕಡೆ ನೆಲೆಸುವ ವ್ರತದವನು. ಇನ್ನೊಬ್ಬ ಚೀನ ದೇಶದ ವೈದ್ಯ. ಅವನು ಬಂದ ಹಡಗು ಹೊರಡುವುದು ತಡವಾಗಿ, ಗಾಳಿ ತಿರುಗುವವರೆಗೆ ಕಾಯುವುದು ಅವನಿಗೆ ಅನಿವಾರ್ಯವಾಗಿತ್ತು. ಅವನ ಹೆಸರು ಲಿನ್ ಗಾನ್. ಊರಿನ ನಾಲಿಗೆ ಅದನ್ನು ಎರಡೇ ದಿನದಲ್ಲಿ ಲಿಂಗಣ್ಣ ಮಾಡಿತು. ಅವನೂ ಕರೆದಾಗಲೆಲ್ಲ ಓಗೊಟ್ಟ.

ಪದುಮಕ್ಕ ಇಬ್ಬರಿಗೂ ಮನೆಯ ಪಕ್ಕದ ಖಾಲಿ ಉಗ್ರಾಣದಲ್ಲಿ ಇರಲು ಜಾಗ ಕೊಟ್ಟಳು. ಅವರ ನಡುವೆ ಭಾಷೆಯಿರಲಿಲ್ಲ. ಆದರೂ ಸ್ನೇಹ ಬೆಳೆಯಿತು. ಜೋಗಿ ಶೀರ್ಷಾಸನ ಹಾಕಿದರೆ ಲಿಂಗಣ್ಣ ತಲೆ ವಾಲಿಸಿ ಅವನ ಮುಖ ನೋಡಿ ಚಪ್ಪಾಳೆ ತಟ್ಟುವನು. ಲಿಂಗಣ್ಣ ಬೆಳಿಗ್ಗೆ ಮೊಣಕಾಲು ಸಡಿಲ ಬಿಟ್ಟು ನಿಂತು, ನೀರನ್ನು ತಳ್ಳುವವನ ಹಾಗೆ ಮೆಲ್ಲಗೆ ಕೈ ಆಡಿಸುವನು. ಅದು ಅವನ ದೇಶದ ಪ್ರಾಣಸಾಧನೆ. ಅದಕ್ಕೆ ಚೀಗಾಂಗ್ ಎಂದು ಹೆಸರು. ಜೋಗಿ ಅದನ್ನು ನೋಡಿ, “ಯಾರನ್ನಪ್ಪ ಅಷ್ಟು ಮರ್ಯಾದೆಯಿಂದ ಹೊರಗೆ ಕಳಿಸ್ತಿದ್ದೀ?” ಎನ್ನುವನು. ಮಾತು ತಿಳಿಯದಿದ್ದರೂ ಲಿಂಗಣ್ಣ ನಗುವನು.

ಸೆಟ್ಟಿಯ ಹಡಗು ನಡೆಸುವ ತಂಡೇಲ ಜಟ್ಟಪ್ಪನಿಗೆ ಭುಜ ಹಿಡಿದುಕೊಂಡಿತ್ತು. ಲಿಂಗಣ್ಣ ಅವನನ್ನು ಕೂರಿಸಿ ಕೂದಲಿನಂಥ ಕೆಲವು ಸೂಜಿಗಳನ್ನು ಚುಚ್ಚಿದ. ಸ್ವಲ್ಪ ಹೊತ್ತಿಗೆ ಜಟ್ಟಪ್ಪ ತೋಳೆತ್ತಿ ಮಾಡಿನ ಅಡ್ಡೆ ಮುಟ್ಟಿದ. ಇದನ್ನು ಕಂಡ ಸೆಟ್ಟಿ ತಾನೂ ಕೈ ಚಾಚಿಕೊಂಡು ಕುಳಿತ.

ಲಿಂಗಣ್ಣ ಎರಡೂ ಕೈಯ ನಾಡಿ ಹಿಡಿದು ನೋಡಿದ. ಅಷ್ಟರಲ್ಲಿ ಅವನಿಗೆ ಊರಿನ ಮಾತು ಒಂದಿಷ್ಟು ಬಂದಿತ್ತು. ಸೆಟ್ಟಿಯ ಹೊಟ್ಟೆಯ ಮೇಲೆ ಬೆರಳಿಟ್ಟು, “ಮೈ ಆಷಾಢ,” ಅಂದ. ಹಣೆಯ ಮೇಲೆ ಬೆರಳಿಟ್ಟು, “ತಲೆ ಕಾರ್ತಿಕ,” ಅಂದ. ಬಾಗಿಲಲ್ಲಿ ನಿಂತಿದ್ದ ಪದುಮಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವಳಿಗೆ ಪೂರ್ತಿ ಅರ್ಥವಾಗಿತ್ತು: ಗಂಡನ ಮೈ ಮಳೆಗಾಲದ ದಡದಲ್ಲಿದ್ದರೂ ತಲೆ ಆಗಲೇ ಕಾರ್ತಿಕದ ಕಡಲಿನಲ್ಲಿ ಹಡಗು ನಡೆಸುತ್ತಿತ್ತು.

ಲಿಂಗಣ್ಣ ಸೆಟ್ಟಿಯನ್ನು ಚಾಪೆಯ ಮೇಲೆ ಮಲಗಿಸಿ ಪಾದಕ್ಕೆ, ಮುಂಗೈಗೆ, ಹುಬ್ಬುಗಳ ನಡುವೆ ಸೂಜಿಗಳನ್ನು ಇಟ್ಟ. ಅಲುಗಾಡಬಾರದು ಎಂದು ಕೈಸನ್ನೆಯಲ್ಲಿ ತಿಳಿಸಿದ. ಸೆಟ್ಟಿ ಹೆದರಿ ಉಸಿರನ್ನೂ ಜೋಪಾನವಾಗಿ ಬಿಟ್ಟ. ಕೈ ಆಡಿಸುವಂತಿಲ್ಲ, ಏಳುವಂತಿಲ್ಲ. ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ಬೇರೆ ಕೆಲಸವಿಲ್ಲದೆ ಅದನ್ನೇ ಕೇಳಿದ. ಕೇಳುತ್ತ ಕೇಳುತ್ತ ಗೊರಕೆ ಹೊಡೆದ.

“ಮದುವೆಯಾದಾಗಿನಿಂದ ಇವರು ಇಷ್ಟು ಹೊತ್ತು ಸುಮ್ಮನಿದ್ದದ್ದು ನಾನು ನೋಡಿಲ್ಲ,” ಅಂದಳು ಪದುಮಕ್ಕ. “ಆ ಸೂಜಿಗಳನ್ನ ಹಾಗೇ ಬಿಟ್ಟುಬಿಡಿ ಲಿಂಗಣ್ಣ.”

ಎದ್ದಾಗ ಸೆಟ್ಟಿಗೆ ಹಸಿವಾಗಿತ್ತು. ಕತ್ತು ತಿರುಗುತ್ತಿತ್ತು. ಅವನು ವ್ಯಾಪಾರಿಯಲ್ಲವೇ, ಕೂಡಲೇ ಹೇಳಿದ: “ನಾಳೆ ಇದರ ದುಪ್ಪಟ್ಟು ಚುಚ್ಚು.”

ಲಿಂಗಣ್ಣ ತಲೆಯಾಡಿಸಿದ. “ನಾಳೆ ಸೂಜಿ ಇಲ್ಲ. ನಾಳೆ ಮರ.”

ಮರವೆಂದರೇನೆಂದು ಮರುದಿನ ತಿಳಿಯಿತು. ಮಾಡಿನ ಕೆಳಗೆ, ಎದೆಯ ಮಟ್ಟದಲ್ಲಿ ದೊಡ್ಡ ಕೊಡವನ್ನು ತಬ್ಬಿಕೊಂಡವನಂತೆ ತೋಳು ಬಳಸಿ, ಸುಮ್ಮನೆ ನಿಲ್ಲಬೇಕು. ಅಷ್ಟೇ. ಊರಿಗೆಲ್ಲ ಹುಕುಂ ಮಾಡುವ ಸೆಟ್ಟಿ ಇಲ್ಲದ ಕೊಡ ಹಿಡಿದು ನಿಂತದ್ದನ್ನು ನೋಡಲು ನಾವಿಕರ ಮಕ್ಕಳೆಲ್ಲ ಬೇಲಿಯ ಹತ್ತಿರ ಸೇರಿದರು. ಸೆಟ್ಟಿಯ ಕಾಲು ನಡುಗಿತು. ಮೂಗು ತುರಿಸಿತು. ಅವನು ಬೈಯುತ್ತಲೇ ನಿಂತ.

ಆಮೇಲೆ ಜೋಗಿ ಅವನನ್ನು ಕೂರಿಸಿ ಉಸಿರು ಎಳೆದು ಬಿಡುವುದನ್ನು ಹೇಳಿಕೊಟ್ಟ. ಸೆಟ್ಟಿ ಅದನ್ನೂ ತನ್ನ ರೀತಿಯಲ್ಲೇ ಮಾಡಿದ. ನಿನ್ನೆಗಿಂತ ಇಂದು ಜೋರಾಗಿ, ಇಂದಿಗಿಂತ ನಾಳೆ ಇನ್ನೂ ಜೋರಾಗಿ. ಕೊನೆಗೆ ತಲೆ ಸುತ್ತಿ ಗೋಡೆಗೆ ಒರಗಿದ.

“ಸೆಟ್ಟೀ, ಯಾರ ಹಡಗನ್ನ ಹಿಂದೆ ಹಾಕಬೇಕು ಅಂತ ಉಸಿರಾಡ್ತಿದ್ದೀ?” ಅಂದ ಜೋಗಿ.

“ಏನಾದರೂ ಮುಂದುವರಿಯಬೇಡವೇ ಸ್ವಾಮಿ?”

“ನಾನು ವರ್ಷವೆಲ್ಲ ನಡೆಯುವವನು. ಮಳೆ ಬಂತು, ಕೂತಿದ್ದೇನೆ. ನನ್ನ ದಾರಿ ಎಲ್ಲಿಗೂ ಓಡಿಹೋಗಿಲ್ಲ. ನೀನು ಉಸಿರು ಬಿಡೋದನ್ನ ಮೊದಲು ಕಲಿ. ಎಳೆದುಕೊಳ್ಳೋದು ನಿನಗೆ ಹುಟ್ಟಿನಿಂದ ಬಂದಿದೆ.”

ದಿನಗಳು ಹೀಗೆ ಹೋದವು. ಸೆಟ್ಟಿ ಒಂದು ದಿನ ಶಾಂತವಾಗಿರುವನು, ಇನ್ನೊಂದು ದಿನ ಮತ್ತೆ ಸಿಡುಕುವನು. ಆದರೂ ಪದುಮಕ್ಕ ಕೆಸುವಿನ ಎಲೆಯಲ್ಲಿ ಮಾಡಿದ ಪತ್ರೊಡೆಯನ್ನು ಆ ವರ್ಷ ಮೊದಲ ಸಲ ರುಚಿ ನೋಡಿ ತಿಂದ. ಇದನ್ನು ಯಾವಾಗ ಕಲಿತೆ ಎಂದು ಕೇಳಿದ. ಪ್ರತಿ ಆಷಾಢದಲ್ಲೂ ಮಾಡುತ್ತೇನೆ ಎಂದು ಅವಳು ಹೇಳಿದಳು.

ಶ್ರಾವಣ ಹತ್ತುತ್ತಿದ್ದಂತೆ ಮಳೆ ಥಟ್ಟನೆ ನಿಂತಿತು. ಬಿಸಿಲು ಬಂತು. ಆಕಾಶ ನೀಲಿಯಾಯಿತು, ಕಡಲು ಮಲಗಿದ ಹಾಗೆ ಕಂಡಿತು. ನೂಲ ಹುಣ್ಣಿಮೆ ಇನ್ನೂ ದೂರವಿತ್ತು. ಪೇಟೆಯ ಇನ್ನೊಬ್ಬ ವ್ಯಾಪಾರಿ ಹುಣ್ಣಿಮೆಗೆ ಕಾಯದೆ ಹಡಗು ಇಳಿಸುತ್ತಾನಂತೆ ಎಂಬ ಸುದ್ದಿ ಬಂತು. ಮೊದಲು ಹೋದವನ ಮೆಣಸಿಗೇ ಬೇಡಿಕೆ. ಸೆಟ್ಟಿಯ ಕತ್ತು ಮತ್ತೆ ಬಿಗಿಯಿತು. ಅಂದು ಮರವೂ ಇಲ್ಲ, ಉಸಿರೂ ಇಲ್ಲ. ಬೆಳಿಗ್ಗೆಯೇ ಸರಕು ತುಂಬಿಸಿ ದಡಕ್ಕೆ ಹೋದ.

ನಾವಿಕರು ಹಡಗಿನ ಎರಡೂ ಪಕ್ಕದಲ್ಲಿ ಹೆಗಲು ಕೊಟ್ಟು ನಿಂತಿದ್ದರು. ಯಾರೂ ನಗಲಿಲ್ಲ. ಜಟ್ಟಪ್ಪನ ಹೆಂಡತಿ ಸ್ವಲ್ಪ ದೂರದಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲರೂ ಸೆಟ್ಟಿಯ ಬಾಯಿಂದ ಬರುವ ಒಂದು ಮಾತಿಗೆ ಕಾಯುತ್ತಿದ್ದರು.

ಸೆಟ್ಟಿ ಕೂಗಲು ಬಾಯಿ ತೆರೆದ. ಕೂಗು ಬರಲಿಲ್ಲ. ಉಸಿರು ಗಂಟಲಿನಲ್ಲಿ ಸಿಕ್ಕಿಕೊಂಡದ್ದು ಅವನಿಗೆ ತಿಳಿಯಿತು. ಹಿಂದೆಯೂ ಅದು ಹಾಗೆ ಎಷ್ಟೋ ಸಲ ಸಿಕ್ಕಿಕೊಂಡಿರಬೇಕು. ಆದರೆ ತಿಳಿದದ್ದು ಅಂದೇ. ಅಭ್ಯಾಸಬಲದಿಂದ ಅವನ ಮೊಣಕಾಲು ತಾನೇ ಸಡಿಲವಾಯಿತು. ಪಾದ ಒದ್ದೆ ಮರಳಿನಲ್ಲಿ ಊರಿತು. ಅವನು ಉದ್ದಕ್ಕೆ ಉಸಿರು ಬಿಟ್ಟ. ಇನ್ನೊಮ್ಮೆ ಬಿಟ್ಟ. ಆಗ ಎದುರಿಗಿದ್ದವರ ಮುಖಗಳು ಕಂಡವು. ಅಳಿವೆಯ ಕಡೆಯಿಂದ ತೆರೆ ಗುಡುಗುವುದೂ ಕೇಳಿಸಿತು. ಅದು ಬೆಳಗಿನಿಂದಲೂ ಕೇಳುತ್ತಲೇ ಇತ್ತು.

“ಜಟ್ಟಪ್ಪ, ಈ ಹಡಗು ನಿನ್ನ ಸ್ವಂತದ್ದಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿದ.

ಜಟ್ಟಪ್ಪ ಅವನನ್ನೇ ನೋಡಿದ. ಇಂಥ ಪ್ರಶ್ನೆಯನ್ನು ಒಡೆಯ ಎಂದೂ ಕೇಳಿರಲಿಲ್ಲ. “ಕಡಲು ಇನ್ನೂ ಹದಕ್ಕೆ ಬಂದಿಲ್ಲ ಒಡೆಯಾ. ನನ್ನದಾಗಿದ್ದರೆ ಗರಿ ಹೊದಿಸಿ, ಮನೆಗೆ ಹೋಗಿ ಬಿಸಿ ಗಂಜಿ ಉಣ್ಣುತ್ತಿದ್ದೆ.”

“ಹಾಗಾದರೆ ನಡಿ, ಗರಿ ಹೊದಿಸು. ಗಂಜಿ ನಮ್ಮ ಮನೆಯಲ್ಲಿ ಉಣ್ಣೋಣ. ಎಲ್ಲರೂ ಬನ್ನಿ.”

ಹೆಗಲು ಕೊಟ್ಟು ನಿಂತಿದ್ದವರು ಒಮ್ಮೆಲೇ ಕೂಗಿ ನಕ್ಕರು. ಪದುಮಕ್ಕನ ಅಡುಗೆಮನೆಯಲ್ಲಿ ಅಂದು ಎಷ್ಟು ಅಕ್ಕಿ ಬೆಂದರೂ ಸಾಲಲಿಲ್ಲ.

ಇನ್ನೊಬ್ಬ ವ್ಯಾಪಾರಿಯ ಹಡಗು ಅಂದೇ ಹೊರಟಿತು. ಮರುದಿನ ಮಧ್ಯಾಹ್ನ ಪಡುವಣದಿಂದ ಕಪ್ಪು ಮೋಡ ಎದ್ದಿತು. ಗಾಳಿ ಬಂತು, ಅದರ ಹಿಂದೆ ಮಳೆ ಬಂತು. ಹಾಯಿ ಕಟ್ಟುವ ಕೂವೆಮರ ಮುರಿದ ಆ ಹಡಗು ಹಿಂದಿರುಗಿ ಅಳಿವೆಯ ಬಾಯಿಯಲ್ಲಿ ಸಿಕ್ಕಿ ಹೊರಳಾಡತೊಡಗಿತು. ಜಟ್ಟಪ್ಪನೂ ಅವನ ಜೊತೆಯವರೂ ದಡದಲ್ಲೇ ಇದ್ದರಲ್ಲ, ಹಗ್ಗ ಹಿಡಿದು ನೀರಿಗೆ ಹಾರಿದರು. ದಡದಿಂದ ಹಗ್ಗ ಎಳೆಯುವವರಲ್ಲಿ ಸೆಟ್ಟಿಯಿದ್ದ, ಅವನ ಹಿಂದೆ ಜೋಗಿ, ಅವನ ಹಿಂದೆ ಲಿಂಗಣ್ಣ. ಹಡಗು ಒಡೆಯಿತು. ಸರಕು ಕಡಲಿನ ಪಾಲಾಯಿತು. ಒಳಗಿದ್ದವರೆಲ್ಲ ಬದುಕಿದರು. ಆ ಇನ್ನೊಬ್ಬ ವ್ಯಾಪಾರಿ ಮಳೆಯಲ್ಲಿ ಕುಸಿದು ಕುಳಿತಿದ್ದ. ಸೆಟ್ಟಿ ಅವನನ್ನು ಎಬ್ಬಿಸಿ ಮನೆಗೆ ಕರೆತಂದ. ಒಣಬಟ್ಟೆ ಕೊಟ್ಟು, ಪಕ್ಕದಲ್ಲಿ ಕೂತು, “ಮೊದಲು ಉಸಿರು ಬಿಡಿ,” ಅಂದ.

ನೂಲ ಹುಣ್ಣಿಮೆ ಬಂತು. ತೆಂಗಿನಕಾಯಿ ಕಡಲಿಗೆ ಹೋಯಿತು, ಅದರ ಹಿಂದೆಯೇ ಸೆಟ್ಟಿಯ ಹಡಗೂ ಹೋಯಿತು. ಚಾತುರ್ಮಾಸ್ಯ ಮುಗಿದ ಮೇಲೆ ಜೋಗಿ ಜೋಳಿಗೆ ಹೆಗಲಿಗೇರಿಸಿ ಘಟ್ಟದ ದಾರಿ ಹಿಡಿದ. ಗಾಳಿ ತಿರುಗಿದಾಗ ಲಿಂಗಣ್ಣನೂ ಹೊರಟ. ಕಳಿಸಿಕೊಡಲು ಊರೇ ಬಂದಿತ್ತು. ಪದುಮಕ್ಕ ಉಪ್ಪಿನಕಾಯಿಯ ಭರಣಿ ಕೊಟ್ಟಳು. ಸೆಟ್ಟಿ ಅತ್ತ.

ಮುಂದಿನ ವರ್ಷ ಮೊದಲ ಮಳೆ ಬಿದ್ದ ದಿನ ಸೆಟ್ಟಿ ಜಗಲಿಗೆ ಬಂದ. ಪದುಮಕ್ಕ ಒಳಗಿನಿಂದ ಇಣುಕಿ ನೋಡಿದಳು, ಈಗ ಓಡಾಟ ಶುರುವಾಗುತ್ತದೆಂದು. ಅವನು ಚಾಪೆ ಹಾಸಿದ. ಕೂತ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದ ಜಾಗವನ್ನು ತಟ್ಟಿ ಅವಳನ್ನೂ ಕರೆದ. ಇಬ್ಬರೂ ಸಂಜೆಯವರೆಗೆ ಹರಟೆ ಹೊಡೆದರು. ಆಮೇಲಿನ ವರ್ಷಗಳಲ್ಲಿ ಬೇಸಿಗೆಯ ಕೊನೆ ಹತ್ತಿರ ಬಂದರೆ ಸೆಟ್ಟಿಯೇ ಆಕಾಶ ನೋಡಿ, ಇನ್ನೂ ಯಾಕೆ ಬರಲಿಲ್ಲ ಎಂದು ವಿಚಾರಿಸುತ್ತಿದ್ದನಂತೆ.

ಗುರುಗಳ ಕತೆ ಮುಗಿಯಿತು. ಚೆನ್ನವೀರ ನಗುತ್ತಿದ್ದ. ಆದರೆ ಅವನು ಲೆಕ್ಕ ಬಿಡುವವನಲ್ಲ. ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡು ಮುಂದಕ್ಕೆ ಬಾಗಿದ.

“ಗುರುಗಳೇ, ಒಂದು ಮಾತ್ರ ತಿಳಿಯಲಿಲ್ಲ. ಅವನನ್ನು ಗುಣಪಡಿಸಿದ್ದು ಯಾವುದು? ವೈದ್ಯನ ಸೂಜಿಯೇ, ಮರದಂತೆ ನಿಲ್ಲುವ ಆ ಚೀಗಾಂಗೇ, ಜೋಗಿಯ ಪ್ರಾಣಾಯಾಮವೇ? ಯಾವುದೆಂದು ಹೇಳಿದರೆ ಈ ಚಳಿಗೆ ನಾನೂ ಇಂದಿನಿಂದಲೇ ಅದನ್ನು ಶುರುಮಾಡುತ್ತೇನೆ.”

ಗುರುಗಳು ನಗುತ್ತ ಅವನ ಹೆಗಲಿನ ಕಂಬಳಿಯನ್ನು ಸರಿಪಡಿಸಿದರು.

“ಆ ಮೂರೂ ಅವನನ್ನು ಸುಮ್ಮನೆ ಕೂರಿಸಿದವು, ಮಗೂ, ಗುಣಪಡಿಸಿದ್ದು ಮಳೆ.”