ಸರ್ವೊ ಮೋಟಾರು, ಕಾಶವ್ವನ ಮೊಣಕಾಲು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಭಜನೆಗಿಂತ ಲೋಹ ಕಡೆಯುವ ಮಿಲ್ಲಿಂಗ್ ಮಷೀನಿನ ಸದ್ದೇ ಹೆಚ್ಚು. ಕಾಲು ಕಳೆದುಕೊಂಡು ಬಂದವರಿಗೆ ಅಲ್ಲಿ ಕೃತಕ ಕಾಲು ಮಾಡಿ ಕೊಡುತ್ತಿದ್ದರು.

ಆ ಕಾಲಿಗೆ ಬೇಕಾದ ಮೊಣಕಾಲಿನ ಕೀಲನ್ನು ಮೂವತ್ತು ವರ್ಷ ತಮ್ಮ ಕೈಯಾರೆ ಕಡೆದವರು ಆಶ್ರಮದ ಹಿರಿಯ ಸ್ವಾಮಿ ನಿರುಪಾಧಿ ಅಜ್ಜಾರು. ಕಾವಿ ಉಡುವ ಮೊದಲು ಅವರು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಕಾವಿ ಉಟ್ಟ ಮೇಲೂ ಬಟ್ಟೆಗೆ ಗ್ರೀಸು ಹತ್ತುವುದೇನೂ ತಪ್ಪಲಿಲ್ಲ.

ಈಗ ಅವರ ಕೈ ನಡುಗತೊಡಗಿತ್ತು. ಮಷೀನಿನ ಹಿಡಿಕೆ ತಿರುಗಿಸುವ ಕೆಲಸವನ್ನು ಇನ್ನು, ಹೇಳಿದಷ್ಟೇ ತಿರುಗಿ ನಿಲ್ಲುವ ಸರ್ವೊ ಮೋಟಾರುಗಳಿಗೆ ಒಪ್ಪಿಸಬೇಕಿತ್ತು. ಯಾವ ಮೋಟಾರು, ಅದನ್ನು ಹಿಡಿತದಲ್ಲಿಡುವ ಡ್ರೈವ್ ಯಾವುದು ಎಂದು ಆರಿಸುವ ಹೊಣೆ ಶಿಷ್ಯ ಸಂಗನಬಸುವಿನ ಹೆಗಲಿಗೆ ಬಿತ್ತು.

ಭಕ್ತರೊಬ್ಬರು ಒಂದು ಸೆಟ್ಟು ಕೊಡಿಸುತ್ತೇನೆ ಎಂದಿದ್ದರು. ಒಂದೇ ಸೆಟ್ಟು. ಆರಿಸಿದ್ದು ತಪ್ಪಿದರೆ ಎರಡನೆಯದಿಲ್ಲ, ಮತ್ತು ಕಾಲಿಗಾಗಿ ಕಾದವರು ನಲವತ್ತು ಜನ.

ಸಂಗನಬಸು ಊಟ ಮರೆತು ಕ್ಯಾಟಲಾಗು ಓದಿದ. ಒಂದು ದಿನ ಕುಣಿಯುತ್ತಲೇ ಬಂದ.

"ಸಿಕ್ತ್ರಿ ಅಜ್ಜಾರ! ಈ ಮೋಟಾರು ಒಂದು ಸುತ್ತಿಗೆ ಹತ್ತು ಸಾವಿರ ಎಣಿಸತೈತಿ. ಒಂದರ ತಪ್ಪಂಗಿಲ್ರಿ."

"ಏನ್ ಎಣಿಸತೈತೋ?"

"ತಾನು ಎಷ್ಟು ತಿರುಗೇನಿ ಅಂತ್ರಿ."

"ಹೂಂ," ಎಂದರು ಅಜ್ಜಾರು. "ಎಂಟು ದಿನದ ಮಟ್ಟಿಗೆ ಇಸ್ಕೊಂಡು ಬಂದು ಹಚ್ಚಿ ನೋಡು."

ಸಂಗನಬಸು ತಂದು ಹಚ್ಚಿದ. ಕೀಲಿನ ತುಂಡನ್ನು ಹೊತ್ತ ಮಷೀನಿನ ಟೇಬಲ್ಲು ತಾನಾಗಿಯೇ ಅತ್ತಿತ್ತ ಹರಿದಾಡುವುದನ್ನು ಕಂಡು ಅವನಿಗೆ ಕಣ್ಣು ತುಂಬಿ ಬಂತು. ಎದುರಿನ ಪರದೆಯ ಮೇಲೆ 'ತಪ್ಪು: ಸೊನ್ನೆ' ಎಂದು ಮೂಡಿತ್ತು. ಪರದೆಯೇ ಸಾಕ್ಷಿ ಹೇಳುತ್ತಿರುವಾಗ ಗೇಜು ಹಿಡಿದು ಕೀಲಿನ ತೂತು ಅಳೆಯುವುದು ಯಾಕೆಂದು ಅವನು ಗೇಜನ್ನು ಮುಟ್ಟಲೇ ಇಲ್ಲ.

ಹಾಗೆ ಕಡೆದ ಕೀಲು ಹಾಕಿದ ಕಾಲು ಮೊದಲು ಹೋದದ್ದು ಕಾಶವ್ವನಿಗೆ. ಪಕ್ಕದ ಹಳ್ಳಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸು, ಮಾತಿನಲ್ಲಿ ಯಾರಿಗೂ ಸೋತವಳಲ್ಲ.

ಕಾಲು ಕಟ್ಟಿಕೊಂಡು ಅವಳು ನದಿಯ ಮೆಟ್ಟಿಲಿಗೆ ಇಳಿದಳು. ಟಕ್. ಇನ್ನೊಂದು ಹೆಜ್ಜೆ. ಟಕ್.

"ಯಪ್ಪಾ, ಇದೇನ್ ಕಾಲೋ, ಬಾಗಲಾ ಬಡಿಯೂ ಬೀಗರೋ?" ಎಂದಳು.

ಮೂರನೆಯ ಮೆಟ್ಟಿಲಿನಲ್ಲಿ ಮೊಣಕಾಲು ಜರಿಯಿತು. ಸಂಗನಬಸು ಹಾರಿ ಹಿಡಿಯದಿದ್ದರೆ ಅವಳು ನೇರ ನೀರಿಗೇ ಬೀಳುತ್ತಿದ್ದಳು. ಆಮೇಲೆ ಅವಳು ನಗೆಚಾಟಿಕೆ ಮಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, ಕಾಲು ಬಿಚ್ಚಿ ಪಕ್ಕಕ್ಕಿಟ್ಟಳು.

ಸಂಗನಬಸು ಮೇಲೆ ನಿಂತಿದ್ದ ಅಜ್ಜಾರ ಕಡೆ ತಿರುಗಿದ.

"ಅಜ್ಜಾರ, ಪರದೆ ಮ್ಯಾಲ ಸೊನ್ನೆ ಇತ್ರಿ. ನಾ ಖರೇ ಹೇಳಾಕತ್ತೀನಿ."

ಅಜ್ಜಾರು ಅವನನ್ನು ವರ್ಕ್‌ಶಾಪಿಗೆ ಕರೆದೊಯ್ದರು. ಮೋಟಾರು ಬಿಚ್ಚಿಸಿ ಹಳೆಯ ಹಿಡಿಕೆ ಹಾಕಿಸಿದರು. ನಡುಗುವ ಬೆರಳನ್ನು ಟೇಬಲ್ಲಿನ ಅಂಚಿಗೆ ಒತ್ತಿಟ್ಟರು.

"ನಿನ್ ಕಡೆ ತಿರುಗಿಸು."

ತಿರುಗಿಸಿದ. ಟೇಬಲ್ಲು ಸರಿಯಿತು.

"ಈಗ ಹಿಂದಕ್ಕ."

ಹಿಡಿಕೆ ತಿರುಗಿತು. ಟೇಬಲ್ಲು ಕದಲಲಿಲ್ಲ. ಇನ್ನಷ್ಟು ತಿರುಗಿದ ಮೇಲೆ, ನಿದ್ದೆಯಿಂದ ಎದ್ದವರಂತೆ, ನಿಧಾನಕ್ಕೆ ಹೊರಟಿತು.

"ಟೇಬಲ್ ಸರಸೂ ಸ್ಕ್ರೂ ಸವದೈತ್ರಿ," ಎಂದ ಸಂಗನಬಸು, ಸಣ್ಣ ದನಿಯಲ್ಲಿ. ಹಾಗಾದರೆ ಮೋಟಾರು ಸುಳ್ಳು ಹೇಳಿರಲಿಲ್ಲ. ಅದು ತಿರುಗಿದ್ದು ನಿಜ. ಟೇಬಲ್ಲು ಮಾತ್ರ ಅಷ್ಟು ಸರಿದಿರಲಿಲ್ಲ, ಅದರಿಂದ ಕೀಲಿನಲ್ಲಿ ದುಂಡಗಾಗಬೇಕಾದ ತೂತು ಕೂದಲೆಳೆಯಷ್ಟು ಸೊಟ್ಟಗಾಗಿತ್ತು. "ಮೂವತ್ತು ವರ್ಷ ನೀವು ಇದರಾಗ ಹೆಂಗ ಮಾಡಿದ್ರಿ?"

"ನನ್ ಕೈ ಹಿಡಿಕಿ ಮ್ಯಾಲಿತ್ತು. ಕಣ್ಣು ಟೇಬಲ್ ಮ್ಯಾಲಿತ್ತು."

"ಹೊಸಾ ಸ್ಕ್ರೂ ಹಾಕಿದ್ರ ಸರಿಹೋಗತೈತಲ್ರಿ?"

"ಹಾಕು. ಅದೂ ಒಂದಿನ ಸವೀತೈತಿ."

ಸಂಗನಬಸು ಮತ್ತೆ ಕ್ಯಾಟಲಾಗು ತೆರೆದ. ಮೊದಲ ಸಲ ಕಡೆಗಣಿಸಿದ್ದ ಒಂದು ಡ್ರೈವ್ ಅದರಲ್ಲಿತ್ತು. ಜೋರು ಕಡಿಮೆ, ವೇಗವೂ ಕಡಿಮೆ. ಆದರೆ ಅದು ಮೋಟಾರಿನ ಎಣಿಕೆಯ ಜೊತೆಗೆ, ಟೇಬಲ್ಲಿಗೇ ಹಚ್ಚಿದ ಅಳತೆಪಟ್ಟಿಯ ಮಾತನ್ನೂ ಕೇಳುತ್ತಿತ್ತು. ಎರಡರ ಲೆಕ್ಕ ಕೂಡದಿದ್ದರೆ ಕೆಂಪು ದೀಪ ಹೊತ್ತಿಸಿ ನಿಂತುಬಿಡುತ್ತಿತ್ತು.

ಎಂಟು ದಿನಕ್ಕೆ ತಂದದ್ದನ್ನು ಮರಳಿಸಿ ಅದನ್ನೇ ತರಿಸಿದ. ಹೊಸ ಸ್ಕ್ರೂ ಕೂಡಿಸಿ ಶುರು ಮಾಡಿದರೆ, ಒಂದೇ ಮಧ್ಯಾಹ್ನ ಏಳು ಸಲ ನಿಂತಿತು. ಏಳನೆಯ ಸಲಕ್ಕೆ ಅವನ ತಾಳ್ಮೆ ತಪ್ಪಿತು.

"ಅಜ್ಜಾರ, ಎಷ್ಟು ತಪ್ಪಿದ್ರ ನಿಲ್ಲಬೇಕು ಅಂತ ಇದರಾಗ ಒಂದು ಅಂಕಿ ಐತ್ರಿ. ಅದನ್ನ ಸ್ವಲ್ಪ ದೊಡ್ಡದು ಮಾಡಿದ್ರ ಸುಮ್ನ ಓಡತೈತಿ. ಮಾಡ್ಲೇನ್ರಿ?"

"ಅಂಕಿ ದೊಡ್ಡದಾದ್ರ ತೂತು ದುಂಡಗಾಗತೈತೇನೋ?"

ಅವನು ಕೀಲಿಮಣೆಯಿಂದ ಕೈ ತೆಗೆದ. ಬಗ್ಗಿ ಟೇಬಲ್ಲಿನ ಅಡಿಗೆ ನೋಡಿದ. ಅದು ಸರಿಯುವ ಹಳಿಯ ಸಂದಿಯಲ್ಲಿ ಕಬ್ಬಿಣದ ಚೂರು ತುಂಬಿ ಎಣ್ಣೆ ಒಣಗಿತ್ತು. ಎಲ್ಲ ಕೆರೆದು, ಒರೆಸಿ, ಎಣ್ಣೆ ಬಿಟ್ಟ. ಎಂಟನೆಯ ಸಲ ಮಷೀನು ನಿಲ್ಲದೆ ಕೆಲಸ ಮುಗಿಸಿತು.

ಈ ಸಲ ಗೇಜು ಹಿಡಿದೂ ನೋಡಿದ. ಒಂದಲ್ಲ, ನಾಲ್ಕು ಸಲ.

ಕಾಶವ್ವ ಬಂದಳು, ಆದರೆ ಹೊಸ ಕೀಲಿನ ಕಾಲಿನತ್ತ ಕೈ ಚಾಚಲು ಅಂಜಿದಳು. ಬೆಲ್ಟು ಬಿಗಿದವರು ಅಜ್ಜಾರೇ, ನಡುಗುವ ಕೈಯಿಂದ, ಬಹಳ ಹೊತ್ತು ಹಿಡಿದು. ಅವಳು ಗೋಡೆ ಹಿಡಿದು ಎದ್ದಳು, ಗೋಡೆ ಬಿಟ್ಟಳು, ಮೆಟ್ಟಿಲಿಗೆ ಇಳಿದಳು.

ಸಂಗನಬಸು ಆ ಟಕ್ ಸದ್ದಿಗೆ ಕಿವಿಗೊಟ್ಟ. ಸದ್ದಿಲ್ಲ. ಮೂರನೆಯ ಮೆಟ್ಟಿಲು ದಾಟಿತು. ಅವಳು ನೀರಿಗೆ ಕಾಲಿಟ್ಟು, ಒಂದು ಬೊಗಸೆ ಮುಖಕ್ಕೆ ಎರಚಿಕೊಂಡು, ಯಾರನ್ನೂ ಕರೆಯದೆ ತಾನೇ ಮೇಲೆ ಹತ್ತಿ ಬಂದಳು.

ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಓಡಿಹೋಗಿ, ಪ್ರತಿ ಕೀಲಿನ ಜೊತೆ ಕೊಡುವ ಚೀಟಿ ತಂದ. 'ಪರೀಕ್ಷಿಸಿದವರು' ಎಂಬಲ್ಲಿ ಜಾಗ ಖಾಲಿ ಇತ್ತು.

"ಅಜ್ಜಾರ, ಮೋಟಾರೂ ಸೊನ್ನೆ ಅಂತೈತಿ, ಪಟ್ಟಿನೂ ಸೊನ್ನೆ ಅಂತೈತಿ, ಗೇಜೂ ಅದನ್ನ ಅಂತೈತಿ. ಈಗರ ನಾ ಸಹಿ ಮಾಡ್ಲೇನ್ರಿ?"

ಅಜ್ಜಾರು ಜೇಬಿನಿಂದ ಪೆನ್ನು ತೆಗೆದರು.

"ಪರೀಕ್ಷೆ ಮಾಡಿದವರು ಸಹಿ ಮಾಡಬೇಕಲ್ಲೋ. ತಗೋ, ಕಾಶವ್ವಗ ಕೊಡು."