ಮುಂದಕ್ಕೆ ಹಾಕಿದ ಮೊಹರಂ

ಮೊಹರಂ ಚಂದ್ರ ಕಂಡ ಮರುದಿನ ಮಕ್ತುಂಸಾಬ ಗುರುವಿನ ಮುಂದೆ ಬಂದು ಕೂತ. ತಮ್ಮನ ಮೇಲಿನ ಸಿಟ್ಟು ಮುಖದಿಂದ ಇನ್ನೂ ಇಳಿದಿರಲಿಲ್ಲ.

"ಹಜರತ್, ಇದು ಜಗಳ ಕೂಡದ ತಿಂಗಳು, ಒಪ್ಪಿದೆ. ಆದರೆ ಆ ನನ್ನ ತಮ್ಮನಿಗೆ ಬುದ್ಧಿ ಕಲಿಸುವುದು ಈಗಲೇ ಆಗಬೇಕು. ಈ ತಿಂಗಳು ಜಗಳ ಮುಗಿಸಿ, ಬರುವ ತಿಂಗಳು ತೆಪ್ಪಗಿದ್ದರೆ ಆಗದೇ?"

ಗುರು ನಕ್ಕರು. "ಈ ಜಾಣತನ ನಿನಗಿಂತ ಮೊದಲೇ ಒಬ್ಬನಿಗೆ ಹೊಳೆದಿತ್ತು, ಕೇಳು."

ಹಿಂದೆ ಅರಬರ ನಾಡಿನಲ್ಲಿ ಒಬ್ಬ ನಾಯಕನಿದ್ದ. ಅಲ್ಲಿ ಮೂರು ತಿಂಗಳು ಸಾಲಾಗಿ ಯಾರೂ ಕತ್ತಿ ಎತ್ತುವಂತಿರಲಿಲ್ಲ. ಜಿಲ್ಕಾದ್, ಸುಮ್ಮನೆ ಕೂರುವ ತಿಂಗಳು. ಜಿಲ್ಹಜ್, ಯಾತ್ರೆಯ ತಿಂಗಳು. ಮೊಹರಂ, ಹೆಸರಿನ ಅರ್ಥವೇ ನಿಷೇಧ. ಅದು ಕಳೆದು ಸಫರ್ ಹುಟ್ಟಿತೋ, ಗಂಡಸರೆಲ್ಲ ಕಾಳಗಕ್ಕೆ ಹೊರಟು ಮನೆಗಳು ಬರಿದಾಗುತ್ತಿದ್ದವು. ನಾಯಕನಿಗೆ ಶಾಂತಿಯೆಂಬುದು ಅರಗದ ಊಟ. ಎರಡು ತಿಂಗಳು ಕೂತು ಕೂತು ಕೈ ತುರಿಸತೊಡಗಿತು. ವೈರಿಯ ಒಂಟೆಗಳು ಕಣ್ಣೆದುರೇ ಮೇಯುತ್ತಿದ್ದವು. ನಾಯಕ, ಯಾವ ತಿಂಗಳು ಬಂತೆಂದು ಜನರಿಗೆ ಸಾರುವ ಹಿರಿಯನ ಬಳಿಗೆ ಹೋದ.

"ಅಜ್ಜಾ, ಈ ಸಲ ಮೊಹರಂ ಒಂದು ತಿಂಗಳು ತಡವಾಗಿ ಬರಲಿ. ಚಂದ್ರನೇನು ಇಳಿದು ಬಂದು ಯಾಕೆಂದು ಕೇಳುತ್ತಾನೆಯೇ?"

ಹಿರಿಯ ಒಪ್ಪಿ, ಯಾತ್ರೆಯ ಜನರ ನಡುವೆ ನಿಂತು ಸಾರಿದ: ಈಗ ಬರುವುದು ಸಫರ್, ಮೊಹರಂ ಅದರ ನಂತರ. ಎರಡು ಕಡೆಯವರೂ ಅಂದೇ ಕತ್ತಿ ಮಸೆದರು.

ನಾಯಕನಿಗೆ ಇದ್ದವನು ಒಬ್ಬನೇ ಮಗ. ವ್ಯಾಪಾರಕ್ಕೆಂದು ದೂರದ ನಾಡಿಗೆ ಹೋಗಿದ್ದ. ಸಾರಿದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಮರಳುವ ದಾರಿಯಲ್ಲಿ ಎಳೆಯ ಚಂದ್ರನನ್ನು ಕಂಡ. ಮೊಹರಂ ಬಂತು, ಇನ್ನೇನು ಭಯ ಎಂದುಕೊಂಡು ಕತ್ತಿಯನ್ನು ಗಂಟಿನೊಳಗೆ ಕಟ್ಟಿಟ್ಟ. ಬೇಗ ಮನೆ ಸೇರಬೇಕೆಂದು ಹತ್ತಿರದ ದಾರಿ ಹಿಡಿದ. ಅದು ವೈರಿಗಳ ಬಾವಿಯ ಪಕ್ಕದ ದಾರಿ. ಬಾವಿಯ ಬಳಿ ನಿಂತು, ನಗುತ್ತಲೇ ನೀರು ಕೇಳಿದ. ಅವರು ಅವನನ್ನು ಕಡಿದು ಹಾಕಿದರು.

ನಾಯಕ ಮಗನ ಹೆಣ ಹೊತ್ತು ಹಿರಿಯನ ಬಾಗಿಲಿಗೆ ಬಂದ. "ನ್ಯಾಯ ಹೇಳಜ್ಜಾ! ಮೊಹರಂ ತಿಂಗಳಲ್ಲಿ ನನ್ನ ಮಗನನ್ನು ಕೊಂದರು!"

"ಯಾವ ಮೊಹರಂ, ಅಪ್ಪಾ? ಇದು ಸಫರ್. ನೀನೇ ಬೇಡಿ ಪಡೆದದ್ದು."

ನಾಯಕನಿಗೆ ಅಳು ಬಂತು. ಹೆಣವನ್ನು ಮತ್ತೆ ಹೆಗಲಿಗೇರಿಸಿ ಮನೆಯತ್ತ ನಡೆದ.

ಗುರು ಕತೆ ನಿಲ್ಲಿಸಿದರು. ಮಕ್ತುಂಸಾಬ ಮೆಲ್ಲಗೆ ಕೇಳಿದ:

"ಹಜರತ್, ಹೇಳಿದ ಹಾಗೆ ಮರುತಿಂಗಳು ಮೊಹರಂ ಬಂತೇ?"

"ಬಂತು, ಆದರೆ ಅದನ್ನು ನಂಬಿ ಬರಿಗೈಯಲ್ಲಿ ನಡೆದು ಬರುವವನು ಆ ಮನೆಗೆ ಉಳಿದಿರಲಿಲ್ಲ."