ಬೊಮ್ಮಿಗಂಡಿ

ಉತ್ತರ ಕನ್ನಡದ ಕರಾವಳಿಯಲ್ಲಿ, ಹೊಳೆ ಕಡಲು ಸೇರುವ ಮುನ್ನ ಅಗಲವಾಗಿ ಕಾಲು ಚಾಚುವ ಒಂದು ಕಡೆ, ಗದ್ದೆಗಳಿಗೂ ಉಪ್ಪುನೀರಿಗೂ ನಡುವೆ ಉದ್ದನೆಯ ಮಣ್ಣಿನ ಒಡ್ಡಿದೆ. ಮಧ್ಯದಲ್ಲಿ ಅದು ತುಂಡಾಗಿದೆ. ಭರತದಲ್ಲಿ ಕಡಲು ಆ ಸಂದಿಯಿಂದ ಒಳಬಂದು ಇಳಿತದಲ್ಲಿ ಹೊರಹೋಗುತ್ತದೆ. ಎರಡೂ ಬದಿಗೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಕೆಸರಿನಲ್ಲಿ ಬೇರು ಊರಿಕೊಂಡು ನಿಂತಿವೆ. ಒಡೆದ ಒಡ್ಡನ್ನು ಜನ ಮುಚ್ಚುವುದನ್ನು ಬೇಕಾದಷ್ಟು ಊರುಗಳಲ್ಲಿ ಕಂಡಿದ್ದೇನೆ. ಅದಕ್ಕೆ ಹೂವಿಡುವುದನ್ನು ಕಂಡದ್ದು ಇಲ್ಲಿ ಮಾತ್ರ. ಇಂಥ ಸಂದಿಗೆ ಇಲ್ಲಿ ಗಂಡಿ ಎನ್ನುತ್ತಾರೆ, ಇದರ ಹೆಸರು ಬೊಮ್ಮಿಗಂಡಿ.

ಹಿಂದೆ ಒಮ್ಮೆ ಈ ಒಡ್ಡಿಗೆ ಮರದ ಬಾಗಿಲಿತ್ತು ಎನ್ನುತ್ತಾರೆ. ಮಳೆಗಾಲದಲ್ಲಿ ಮುಚ್ಚಿ ಭತ್ತ ಬೆಳೆಯುವುದು, ಕೊಯ್ಲಾದ ಮೇಲೆ ತೆರೆದು ಮೀನು, ಸಿಗಡಿ, ಚಿಪ್ಪಿ ಹಿಡಿಯುವುದು ರೂಢಿ. ಊರಗೌಡ ಹಮ್ಮಣ್ಣನಿಗೆ ವರ್ಷಕ್ಕೆರಡು ಬೆಳೆಯ ಆಸೆ ಹುಟ್ಟಿತು. ಕಾಂಡ್ಲಾ ಕಡಿಸಿದ, ಬಾಗಿಲು ಕೀಳಿಸಿ ಮಣ್ಣು ತುಂಬಿಸಿದ. ಮೊದಲ ಬೆಳೆ ಭರ್ಜರಿಯಾಗಿ ಬಂತು, ಪರವೂರಿನವರೂ ಬಂದು ಗುಡಿಸಲು ಹಾಕಿಕೊಂಡರು. ಆಮೇಲೆ ಕಡಲನ್ನು ಕಾಣದ ಕೆಸರು ಬಿರುಕುಬಿಟ್ಟು, ತುಕ್ಕಿನ ಬಣ್ಣಕ್ಕೆ ತಿರುಗಿ, ಹುಳಿಯಾಯಿತು. ಭತ್ತ ಏಳಲಿಲ್ಲ, ಮೀನು ಮೊದಲೇ ಹೋಗಿತ್ತು. ಒಂದೊಂದೇ ಮನೆ ದೋಣಿ ಹತ್ತಿತು. ಊರು ಬರಿದಾಗುವುದನ್ನು ಮೊದಲು ಅರಿತವಳು ಸೂಲಗಿತ್ತಿ ಬೊಮ್ಮಿ. ಅವಳ ಬಾಗಿಲು ತಟ್ಟುವವರೇ ಇರಲಿಲ್ಲ. ಕೊನೆಗೆ ಊರಲ್ಲಿ ಉಳಿದ ಬಸುರಿ ಅವಳ ಸೊಸೆ ಸೋಮಿ ಒಬ್ಬಳೇ. ಹುಣ್ಣಿಮೆಯ ಮಧ್ಯಾಹ್ನದ ಭರತಕ್ಕೆ ಹೊರಡುವ ದೋಣಿಗೆ ಅವಳ ಗಂಟೂ ಏರಿತ್ತು.

ಬೊಮ್ಮಿ ತಡೆಯಲಿಲ್ಲ. ಗುದ್ದಲಿ ತೆಗೆದುಕೊಂಡು ಒಡ್ಡಿನ ಮೇಲೆ ನಡೆದು, ಬಾಗಿಲಿದ್ದ ಜಾಗದಲ್ಲೇ ಅಗೆಯತೊಡಗಿದಳು. ಹೊರಗೆ ನೀರು ಏರುತ್ತಿತ್ತು. ಹಮ್ಮಣ್ಣ ಓಡಿಬಂದ.

"ಹುಚ್ಚಿ, ನೀರು ನುಗ್ಗಿದ್ರೆ ಮೊದ್ಲು ಹೋಗೂದು ನಿನ್ನ ಮನೇನೇ!"

"ಮಣ್ಣಿನ ಮನೆ, ಮತ್ತೆ ಕಟ್ತೆ. ಈ ಊರಾಗೆ ಕೂಸು ಅತ್ತದ್ದು ಯಾವಾಗ, ಹೇಳು ಕಾಂಬ?"

ಅವಳು ತೋಡಿದ ಸಂದಿಯಲ್ಲಿ ನೀರು ಎಳೆಯಾಗಿ ಇಳಿಯಿತು. ಗೌಡ ಬೇರೆ ದಾರಿ ಕಾಣದೆ ಸಂದಿಗೆ ತಾನೇ ಇಳಿದು, ಕಡಲಿಗೆ ಬೆನ್ನು ಕೊಟ್ಟು ಕೂತ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಎರಡೂ ಬದಿಯ ಮಣ್ಣು ಕುಸಿಯತೊಡಗಿತು. ಅವನು ಏಳಲಿಲ್ಲ, ಆಮೇಲೆ ಏಳಲು ಆಗಲೂ ಇಲ್ಲ. ದೋಣಿಯಲ್ಲಿದ್ದವರು ಕೂಗಿಕೊಂಡರು. ಬೊಮ್ಮಿ ಗುದ್ದಲಿ ಬಿಸಾಡಿ, ಬೋರಲು ಮಲಗಿ, ಅವನ ಎರಡೂ ಕಂಕುಳಿಗೆ ಕೈ ಹಾಕಿದಳು.

"ಹುಟ್ಟುವಾಗ್ಲೂ ಹಿಂಗೇ ಹಟ ಹಿಡ್ದಿದ್ದೆ, ಎಳ್ದೇ ತೆಗ್ದಿದ್ದೆ. ಬಾ, ಮಗನೆ!"

ಗೌಡನನ್ನು ಅವಳು ಮೇಲೆಳೆದುಕೊಂಡ ಮರುಗಳಿಗೆಗೆ ಒಡ್ಡು ಹೋಯಿತು. ಅವಳ ಮನೆಯೂ ಹೋಯಿತು. ದೋಣಿಯಂತೂ ಹೊರಟೇಹೋಯಿತು, ಸೋಮಿ ಬೇರಾವುದೋ ದಂಡೆಯಲ್ಲಿ ಹೆತ್ತಳು. ಬೊಮ್ಮಿ ಗುಡಿಸಲು ಹಾಕಿಕೊಂಡು ಕಾದಳು. ಮೊದಲು ಏಡಿ ಬಂದವಂತೆ, ಆಮೇಲೆ ಕಾಂಡ್ಲಾ ಚಿಗುರು, ಅದರ ಬುಡಕ್ಕೆ ಸಿಗಡಿ. ಚಿಪ್ಪಿ ಸಿಗತೊಡಗಿದ ವರ್ಷ ಸೋಮಿ ನಡೆಯುವ ಮಗುವಿನೊಂದಿಗೆ ಮರಳಿದಳು, ಅವಳ ಹಿಂದೆಯೇ ಊರು ಬಿಟ್ಟಿದ್ದ ಉಳಿದವರೂ ಬಂದರು. ಗಂಡಿಯನ್ನು ಮತ್ತೆ ಮುಚ್ಚಬಾರದೆಂದು ಮೊದಲು ಹೇಳಿದವನು ಹಮ್ಮಣ್ಣನೇ ಎನ್ನುತ್ತಾರೆ.

ಗಂಡಿಯ ಆಚೆ ಮನೆಗಳು, ಈಚೆ ಶಾಲೆ. ಇಳಿತವಾದ ಮೇಲೆ ಮಕ್ಕಳು ಚೀಲ ತಲೆಯ ಮೇಲಿಟ್ಟುಕೊಂಡು ನೀರು ದಾಟುವುದನ್ನು ಹೋದವರು ಯಾರಾದರೂ ನೋಡಬಹುದು. ಕೊನೆಯ ಮಗು ದಾಟಿದ ಮೇಲೆಯೇ ಗಂಟೆ. ನಾನು ಹೋದ ದಿನ ಮೇಷ್ಟ್ರು ಸುತ್ತಿಗೆ ಹಿಡಿದು ಬಹಳ ಹೊತ್ತು ನಿಂತೇ ಇದ್ದರು. ಸಾಲು ಮುಗಿಯುತ್ತಿರಲಿಲ್ಲ.